ನೂರು ಮಕ್ಕಳ ಪರದೆ

ಫ್ರೀಮಾಂಟ್
8 ಸೆಪ್ಟೆಂಬರ್ 2024

ಪ್ರೀತಿಯ ವಿಭಾ,

ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಅತ್ತೆ ಸೊಸೆ ಒಂದೇ ಮನೆಯಲ್ಲಿ ಇದ್ದಷ್ಟು ದಿನ ಕಾಗದ ಯಾಕೆ ಬೇಕು? ಈಗ ನೀನು ಬೀಜಿಂಗಿನಲ್ಲಿ. ಅಲ್ಲಿ ವಾಟ್ಸಾಪು ನಡೆಯುವುದಿಲ್ಲವಂತೆ. ಫೋನು ನಡೆಯುತ್ತದೆ, ಸರಿ. ಆದರೆ ಹೋದ ತಿಂಗಳು ನೀನು ಮಾಡಿದಾಗ ಏನಾಯಿತು? "ಊಟ ಆಯ್ತಾ?" ಎಂದು ನಾನು, "ಆಯ್ತು ಅತ್ತೆ" ಎಂದು ನೀನು. ಆಮೇಲೆ ಇಬ್ಬರೂ ಫೋನು ಕಿವಿಗೆ ಹಿಡಿದುಕೊಂಡು ಸುಮ್ಮನೆ ಕೂತೆವು. ಕಡೆಗೆ ಯಾರು ಇಟ್ಟರೋ ನೆನಪಿಲ್ಲ. ಉಡುಪಿಯ ಶಾಲೆಯಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದವಳು ನಾನು. ಬಾಯಿಗೆ ಬಾರದ್ದು ಕೈಗಾದರೂ ಬಂದೀತು ಎಂದು ಪೆನ್ನು ಹಿಡಿದು ಕೂತಿದ್ದೇನೆ.

ಇಲ್ಲಿ ಎಲ್ಲ ಸರಿ ಉಂಟು. ಅಮಿತ್ ಬೆಳಿಗ್ಗೆ ಬೇಗ ಹೊರಡುತ್ತಾನೆ, ಡಂಬಾರ್ಟನ್ ಸೇತುವೆಯ ಮೇಲೆ ಟ್ರಾಫಿಕ್ಕು ಎಂದು. ಬರುವಾಗಲೂ ಅದೇ ಟ್ರಾಫಿಕ್ಕು. ಹಿತ್ತಲಿನ ಟೊಮೇಟೊ ಈ ಸಲ ಗಿಡ ಬಾಗುವಷ್ಟು ಬಿಟ್ಟಿದೆ. ತಿನ್ನುವವರಿಲ್ಲ. ಸಾರು ಮಾಡಿ ಮಾಡಿ ಫ್ರೀಜರಿನಲ್ಲಿ ಇಡುತ್ತಿದ್ದೇನೆ. ನನ್ನ ಮೊಣಕಾಲು ಪರವಾಗಿಲ್ಲ. ಲೇಕ್ ಎಲಿಜಬೆತ್ ಸುತ್ತ ಒಂದು ಸುತ್ತು ಹಾಕುತ್ತೇನೆ.

ಮಗು ಹೋದದ್ದು ಫೆಬ್ರವರಿಯಲ್ಲಿ, ನೀನು ಹೊರಟದ್ದು ಜೂನಿನಲ್ಲಿ. ಹೊರಟ ದಿನ ನಾನು ತಡೆಯಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ಯಾವಾಗ ಬರುತ್ತೀ ಎಂದೂ ಕೇಳುವುದಿಲ್ಲ. ಒಂದು ಮಾತ್ರ ಹೇಳು: ದಿನವಿಡೀ ಅಲ್ಲಿ ನೀನು ಮಾಡುವ ಕೆಲಸ ಎಂತದು? ಅಮಿತನನ್ನು ಕೇಳಿದರೆ "ಅರಮನೆಯ ಹಳೇ ತೊಲೆಗಳಿಗೆ ಬಣ್ಣ" ಎಂದು ಹೇಳಿ ಸ್ನಾನಕ್ಕೆ ಎದ್ದು ಹೋದ. ತೊಲೆಗೆ ಬಣ್ಣ ಹೊಡೆಯಲಿಕ್ಕೆ ಅಮೆರಿಕದಿಂದ ಚೀನಕ್ಕೆ ಹೋಗಬೇಕಾ ಮಾರಾಯ್ತಿ?

ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ,
ರತ್ನಾವತಿ


ಬೀಜಿಂಗ್
2 ಅಕ್ಟೋಬರ್ 2024

ಅತ್ತೆಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ನೀವು ನನಗೆ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳೋಕೆ ಈಗ ಆಗ್ತಿಲ್ಲ. ಅದಕ್ಕೇ ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೀತೀನಿ.

ನಾನು ಬಣ್ಣ ಹೊಡೀತಿಲ್ಲ. ಇಲ್ಲಿನ ಯೂನಿವರ್ಸಿಟಿಯ ಒಂದು ತಂಡ ಚಕ್ರವರ್ತಿಗಳ ಅರಮನೆಯ ಮರದ ತೊಲೆಗಳ ಮೇಲಿರೋ ಚಿತ್ರಗಳನ್ನ ಅಧ್ಯಯನ ಮಾಡ್ತಿದೆ. ಯಾವ ಬಣ್ಣ ಮೂಲದ್ದು, ಯಾವುದು ಆಮೇಲೆ ಬಳಿದದ್ದು, ಎಲ್ಲಿ ಚಕ್ಕೆ ಏಳ್ತಿದೆ, ಇದನ್ನೆಲ್ಲ ನೋಡಿ ಬರೆದಿಡೋದು ನನ್ನ ಕೆಲಸ. ಏಣಿ ಹತ್ತಿ ನಿಂತು ಇಡೀ ದಿನ ಕತ್ತೆತ್ತಿ ನೋಡೋದು. ಯಾರ ಜೊತೆಗೂ ಮಾತಾಡಬೇಕಾಗಿಲ್ಲ.

ಅರಮನೆ ಅಂದರೆ ನಮ್ಮ ಮೈಸೂರಿನ ಹಾಗೆ ಒಂದು ಕಟ್ಟಡ ಅಲ್ಲ ಅತ್ತೆ. ಕೋಟೆ, ಕಂದಕ, ಅಂಗಳದ ಹಿಂದೆ ಅಂಗಳ, ಒಂದು ಊರೇ. ಮೇಲಿಂದ ನೋಡಿದರೆ ಚಾವಣಿಗಳೆಲ್ಲ ಹಳದಿ ಹೆಂಚು. ಹಳದಿ ಅಂದರೆ ಇವರಿಗೆ ಮಣ್ಣು, ಲೋಕದ ನಡುಮಧ್ಯ. ಆ ಬಣ್ಣ ಚಕ್ರವರ್ತಿಗೇ ಮೀಸಲು. ಅಷ್ಟು ಹಳದಿಯ ನಡುವೆ ಒಂದು ಕಟ್ಟಡದ ಹೆಂಚು ಮಾತ್ರ ಕಪ್ಪು. ಅದು ಗ್ರಂಥಾಲಯ. ಕಪ್ಪು ನೀರಿನ ಬಣ್ಣವಂತೆ. ಪುಸ್ತಕಕ್ಕೆ ಬೆಂಕಿ ತಗಲಬಾರದು ಅಂತ ಚಾವಣಿಗೆ ನೀರನ್ನೇ ಹೊದಿಸಿದ್ದಾರೆ. ಇಲ್ಲಿ ಯಾವುದೂ ಸುಮ್ಮನೆ ಚೆಂದಕ್ಕೆ ಅಂತ ಇಲ್ಲ. ಕೊಕ್ಕರೆ ಇದ್ದರೆ ಆಯಸ್ಸು, ದಾಳಿಂಬೆ ಇದ್ದರೆ ಮಕ್ಕಳು. ಪ್ರತಿ ಕಂಬ, ಪ್ರತಿ ಬಾಗಿಲು ಯಾರಿಗೋ ಏನನ್ನೋ ಬೇಡಿಕೊಳ್ತಾ ನಿಂತಿದೆ.

ಚಿತ್ರದ ಕೆಲಸ ನನಗೆ ಪರಕೀಯ ಅನ್ನಿಸಲಿಲ್ಲ. ನಾನು ಮೈಸೂರಲ್ಲಿ ಕಲಿತ ಚಿತ್ರಕಲೆಯಲ್ಲಿ ಒಡವೆಗಳನ್ನ ಉಬ್ಬಿಸಿ ಮೇಲೆ ಚಿನ್ನದ ಹಾಳೆ ಅಂಟಿಸ್ತಾರಲ್ಲ, ಇಲ್ಲೂ ಹಾಗೇ. ಮೆಹಂದಿ ಕೋನ್ ಥರದ್ದರಿಂದ ಹಿಟ್ಟು ಹಿಂಡಿ ಡ್ರ್ಯಾಗನ್ನಿನ ಗೆರೆ ಎಬ್ಬಿಸಿ, ಅದರ ಮೇಲೆ ಚಿನ್ನ. ಬಣ್ಣದ ಕೆಳಗೆ ಮರಕ್ಕೆ ನಾರು ಸುತ್ತಿ, ಇಟ್ಟಿಗೆ ಪುಡಿ, ಎಣ್ಣೆ, ಹಂದಿಯ ರಕ್ತ ಕಲಸಿ ಮೆತ್ತಿರ್ತಾರೆ. ಮರ ಬಿರುಕು ಬಿಡದ ಹಾಗೆ.

ನಾನು ಊಟ ಮಾಡ್ತಿದ್ದೀನಿ. ನಿಮ್ಮ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳೋದು ಬಿಡಬೇಡಿ.

ವಿಭಾ


ಫ್ರೀಮಾಂಟ್
27 ಅಕ್ಟೋಬರ್ 2024

ಪ್ರೀತಿಯ ವಿಭಾ,

ಹಂದಿಯ ರಕ್ತದ ಸಾಲನ್ನು ಎರಡು ಸಲ ಓದಿದೆ. ಆ ತೊಲೆಗಳನ್ನು ಮುಟ್ಟಿದ ಮೇಲೆ ಕೈ ತೊಳೆದೇ ಅನ್ನಕ್ಕೆ ಕೂರು. ಇಷ್ಟೇ ನಾನು ಹೇಳುವುದು.

ದೀಪಾವಳಿ ಬಂತು. ನಮಗೆ ಈ ವರ್ಷ ಹಬ್ಬ ಇಲ್ಲ. ಪಕ್ಕದ ಬೀದಿಯಲ್ಲಿ ಬಣ್ಣದ ದೀಪದ ಸರ ಹಾಕಿದ್ದಾರೆ. ಗ್ರೋಸರಿ ಅಂಗಡಿಯಲ್ಲಿ ಸಿಹಿತಿಂಡಿಯ ಡಬ್ಬಗಳು ಬಾಗಿಲವರೆಗೆ. ನಾನು ಕೊತ್ತಂಬರಿ ಸೊಪ್ಪು ಮಾತ್ರ ತೆಗೆದುಕೊಂಡು ಬಂದೆ. ಇಲ್ಲಿಯ ದೇವಸ್ಥಾನದ ಭಟ್ಟರನ್ನು ಕೇಳಿದ್ದೆ, ವರ್ಷ ತುಂಬುವಾಗ ಎಂತ ಮಾಡಬೇಕು ಎಂದು. "ಅಷ್ಟು ಸಣ್ಣ ಮಗುವಿಗೆ ಕ್ರಿಯೆ ಅಂತ ಏನೂ ಇಲ್ಲಮ್ಮ" ಎಂದರು. ದೊಡ್ಡವರು ಸತ್ತರೆ ಮಾಡಲಿಕ್ಕೆ ಇಷ್ಟೆಲ್ಲ ಉಂಟು. ಐದು ವರ್ಷದ ಮಗುವಿಗೆ ಏನೂ ಇಲ್ಲವಂತೆ.

ಇನ್ನೊಂದು ಸಂಗತಿ. ಎರಡು ಮನೆ ಆಚೆ ಇರುವ ಮಿಸೆಸ್ ಫಾಂಗ್ ಗೊತ್ತಲ್ಲ, ನನ್ನ ವಾಕಿಂಗ್ ಜೊತೆಗಾರ್ತಿ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಚೀನಿ ಬಾರದು. ಕೈಸನ್ನೆಯಲ್ಲೇ ನಮ್ಮ ಸಂಸಾರ. ಮೊನ್ನೆ ಒಂದು ಕೆಂಪು ರೇಷ್ಮೆಯ ಬಟ್ಟೆ ತಂದು ನನ್ನ ಕೈಯಲ್ಲಿಟ್ಟು ಎರಡು ಕೈ ಜೋಡಿಸಿದಳು. ಬಿಡಿಸಿ ನೋಡಿದರೆ ಎಂತ? ಬಾವಲಿಗಳು! ರೆಕ್ಕೆ ಬಿಚ್ಚಿದ ಐದು ಬಾವಲಿಗಳು, ಒಂದು ಗುಂಡಗಿನ ಅಕ್ಷರದ ಸುತ್ತ. ಸಾವಾದ ಮನೆಗೆ ಯಾರಾದರೂ ಬಾವಲಿ ತಂದು ಕೊಡುತ್ತಾರಾ? ನಮ್ಮಲ್ಲಿ ಬಾವಲಿ ಒಳಗೆ ಹಾರಿ ಬಂದರೆ ಶಾಂತಿ ಮಾಡಿಸುತ್ತಾರೆ. ಅವಳು ಹೋದ ಮೇಲೆ ಗರಾಜಿನಲ್ಲಿ ಹಳೇ ಪೇಪರಿನ ಕೆಳಗೆ ಇಟ್ಟೆ. ಈಗ ವಾಕಿಂಗಿಗೆ ಬೇರೆ ಹೊತ್ತಿಗೆ ಹೋಗುತ್ತೇನೆ.

ಅಮಿತ್ ಆರಾಮ. ಮನೆಯೊಳಗೆಲ್ಲ ಬಣ್ಣ ಹೊಡೆಸುತ್ತಿದ್ದಾನೆ. ಪೂರ್ತಿ ಬಿಳಿ. ಕೆಲಸದವರು ಬಂದು ಹೋಗಿ ಮಾಡುತ್ತಿದ್ದಾರೆ, ವಾಸನೆಗೆ ನನಗೆ ತಲೆನೋವು.

ಬಿಸಿ ಬಟ್ಟೆ ಹಾಕಿಕೋ. ಅಲ್ಲಿ ಚಳಿ ಜಾಸ್ತಿ ಎಂದು ಟಿವಿಯಲ್ಲಿ ನೋಡಿದೆ.

ಅತ್ತೆ


ಬೀಜಿಂಗ್
24 ನವೆಂಬರ್ 2024

ಅತ್ತೆ,

ದಯವಿಟ್ಟು ಆ ಬಟ್ಟೆಯನ್ನ ಗರಾಜಿನಿಂದ ಒಳಗೆ ತನ್ನಿ. ಇಲ್ಲಿ ನಾನು ದಿನಾ ನೂರಾರು ಬಾವಲಿಗಳ ಕೆಳಗೆ ಕೆಲಸ ಮಾಡ್ತೀನಿ. ತೊಲೆಯ ಮೇಲೆ, ಕಿಟಕಿಯ ಚೌಕಟ್ಟಿನಲ್ಲಿ, ರಾಣಿಯರ ಉಡುಪಿನ ಅಂಚಲ್ಲಿ, ಎಲ್ಲೆಲ್ಲೂ. ಇವರ ಭಾಷೆಯಲ್ಲಿ ಬಾವಲಿಯ ಹೆಸರೂ ಭಾಗ್ಯ ಅನ್ನೋ ಮಾತೂ ಒಂದೇ ಥರ ಕೇಳಿಸುತ್ತೆ. ಐದು ಬಾವಲಿ ಅಂದರೆ ಐದು ಭಾಗ್ಯ. ನಡುವಿನ ಗುಂಡನೆಯ ಅಕ್ಷರ ದೀರ್ಘಾಯಸ್ಸು. ಆಕೆ ಈ ಮನೆಯಲ್ಲಿ ಉಳಿದವರು ಚೆನ್ನಾಗಿರಲಿ ಅಂತ ಕೊಟ್ಟಿದ್ದಾರೆ. ಬೇರೆ ಹೊತ್ತಿಗೆ ವಾಕಿಂಗ್ ಹೋಗಬೇಡಿ.

ಬಿಳಿ ಬಣ್ಣ ಅಂತ ಬರೆದಿದ್ದೀರಿ. ಆ ಕೋಣೆಗೂನಾ? ಆ ಗೋಡೆಯ ಹಳದಿ ಶ್ರೇಯಾನೇ ಆರಿಸಿದ್ದು. ಬೇಡ, ಉತ್ತರ ಬರೀಬೇಡಿ. ಅಮಿತ್‌ಗೆ ಹಾಗೆ ಮುಂದೆ ಹೋಗೋಕೆ ಆಗೋದಾದರೆ ಹೋಗಲಿ.

ಈ ವಾರ ಒಳಗಿನ ಅರಮನೆಯಲ್ಲಿ ಕೆಲಸ ಇತ್ತು. ಚಕ್ರವರ್ತಿಯ ಮದುವೆಯ ಕೋಣೆ ಅಲ್ಲಿದೆ. ಗೋಡೆ, ಬಾಗಿಲು, ದೀಪ ಎಲ್ಲ ಕೆಂಪು. ಮಂಚದ ಮುಂದೆ ಒಂದು ರೇಷ್ಮೆ ಪರದೆ. ಅದರ ತುಂಬ ನೂರು ಮಕ್ಕಳ ಕಸೂತಿ. ಒಬ್ಬ ಗಾಳಿಪಟ ಬಿಡ್ತಿದಾನೆ, ಒಬ್ಬ ಕೋಲನ್ನ ಕುದುರೆ ಮಾಡಿಕೊಂಡಿದಾನೆ, ಇಬ್ಬರು ಜಗಳ ಆಡ್ತಿದಾರೆ. ಮದುಮಗಳು ಅದನ್ನ ನೋಡಿಕೊಂಡೇ ಮಲಗಬೇಕು, ಅಷ್ಟು ಮಕ್ಕಳಾಗಲಿ ಅಂತ. ನಾನು ಗಾಜಿನ ಈಚೆ ನಿಂತು ನೋಡ್ತಾ ಇದ್ದೆ. ನಮ್ಮ ತಂಡದ ಹಿರಿಯಳು, ಶು ಅಂತ, ಪಕ್ಕದಲ್ಲಿದ್ದಳು. "ಇಷ್ಟೆಲ್ಲ ಹೊಲಿದರೂ ಇಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಬಾಲ್ಯ ದಾಟಲೇ ಇಲ್ಲ. ಸಿಡುಬು ಬಂದರೆ ಚಕ್ರವರ್ತಿಯ ಮಗು ಅಂತ ಬಿಡ್ತಿತ್ತಾ?" ಅಂದಳು. ಅವಳಿಗೆ ನನ್ನ ವಿಷಯ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ ಅತ್ತೆ. ಶ್ರೇಯಾ ಹೋದ ಮೇಲೆ ಅವತ್ತೇ ಮೊದಲು ನಾನು ಅತ್ತಿದ್ದು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ನೀವು ನೋಡಿದ್ದೀರಿ. ಎಲ್ಲರೂ ನೋಡಿದ್ದಾರೆ.

ಹೇಗಿದ್ದರೂ ಬರೀತಿದ್ದೀನಿ, ಇದನ್ನೂ ಬರೆದುಬಿಡ್ತೀನಿ. ಎರಡನೇ ಸಲ ಕ್ಯಾನ್ಸರು ತಿರುಗಿ ಬಂದ ಮೇಲೆ, ಇನ್ನೊಂದು ಊರಲ್ಲಿ ಹೊಸ ಔಷಧಿ ಪ್ರಯೋಗ ಮಾಡ್ತಿದ್ದಾರೆ, ಬೇಕಿದ್ದರೆ ಸೇರಿಸಬಹುದು ಅಂತ ಡಾಕ್ಟರು ಹೇಳಿದರು. ಉಳಿಯುತ್ತಾಳೆ ಅಂತ ಅವರು ಹೇಳಲಿಲ್ಲ. ಇನ್ನಷ್ಟು ಸೂಜಿ, ಇನ್ನಷ್ಟು ವಾಂತಿ, ಅದು ಮಾತ್ರ ಖಂಡಿತ ಇತ್ತು. ಅಮಿತ್ ಎದ್ದು ಹೊರಗೆ ಹೋದ. ಬೇಡ ಅನ್ನೋ ಕಾಗದಕ್ಕೆ ಅವನು ಒಪ್ಪದೇ ಇದ್ದರೂ ನಾನೇ ಸಹಿ ಹಾಕಿದೆ. ಅದು ಗೊತ್ತಿದ್ದೂ ನೀವು ಒಂದು ಮಾತು ಆಡದೆ ನನ್ನ ಊಟ, ಚಳಿ ವಿಚಾರಿಸ್ತೀರಿ. ಬೈದು ಬರೆದಿದ್ದರೆ ತಡ್ಕೋತಿದ್ದೆ. ಈ ಒಳ್ಳೆತನ ತಡ್ಕೊಳ್ಳೋಕೆ ಆಗಲ್ಲ. ಅಸ್ಥಿಯನ್ನೂ ಅಮಿತ್ ನನ್ನನ್ನ ಕರೀದೆ ಒಬ್ಬನೇ ಹೋಗಿ ಸಮುದ್ರಕ್ಕೆ ಬಿಟ್ಟು ಬಂದ. ನಾನು ಯಾಕೆ ಅಂತ ಕೇಳಲಿಲ್ಲ. ಕೇಳೋ ಹಕ್ಕು ನನಗೆ ಇರಲಿಲ್ಲ.

ವಿಭಾ


ಬೀಜಿಂಗ್
5 ಜನವರಿ 2025

ಅತ್ತೆಗೆ ನಮಸ್ಕಾರ.

ಉತ್ತರ ಬರಲಿಲ್ಲ. ಅಂಚೆ ತಡ ಇರಬಹುದು ಅಂತ ಡಿಸೆಂಬರ್ ಪೂರ್ತಿ ಕಾದೆ. ಇದು ಅಂಚೆಯ ತಡ ಅಲ್ಲ ಅಂತ ಈಗ ಗೊತ್ತಾಗಿದೆ. ನಿಮ್ಮನ್ನ ನೋಯಿಸಬೇಕು ಅಂತ ಬರೀಲಿಲ್ಲ.

ಇಲ್ಲಿ ಹಿಮ ಬಿದ್ದಿದೆ. ಅಂಗಳಗಳಲ್ಲಿ ದೊಡ್ಡ ದೊಡ್ಡ ಲೋಹದ ಕೊಪ್ಪರಿಗೆಗಳಿವೆ, ಬೆಂಕಿ ಬಿದ್ದರೆ ಆರಿಸೋಕೆ ನೀರು ತುಂಬಿಡ್ತಿದ್ದರಂತೆ. ಚಳಿಗಾಲದಲ್ಲಿ ಆ ನೀರು ಗಡ್ಡೆ ಕಟ್ಟಬಾರದು ಅಂತ ಕೊಪ್ಪರಿಗೆಯ ಕೆಳಗೆ ಕೆಂಡ ಇಡ್ತಿದ್ದರು. ಈಗ ಇಡೋದಿಲ್ಲ.

ಇನ್ನೊಂದು ವರ್ಷ ಇರ್ತೀಯಾ ಅಂತ ಯೂನಿವರ್ಸಿಟಿಯವರು ಕೇಳಿದರು. ಒಪ್ಪಿಕೊಂಡೆ. ಅಮಿತ್‌ಗೂ ಒಂದು ಇಮೇಲ್ ಹಾಕ್ತೀನಿ.

ವಿಭಾ


ಫ್ರೀಮಾಂಟ್
19 ಜನವರಿ 2025

ವಿಭಾ,

ನನಗೆ ಗೊತ್ತಿರಲಿಲ್ಲ.

ಮೊದಲು ಈ ಮಾತು ನಿನಗೆ ತಲುಪಲಿ. "ಇನ್ನು ಮಾಡುವಂತದ್ದು ಎಂತದೂ ಇಲ್ಲವಂತೆ" ಎಂದು ಅಮಿತ್ ನನಗೆ ಹೇಳಿದ್ದ. ನಾನು ಅದನ್ನೇ ನಂಬಿದ್ದೆ. ಇನ್ನೊಂದು ದಾರಿ ಇತ್ತು, ಕಾಗದ ಇತ್ತು, ನಿನ್ನ ಸಹಿ ಇತ್ತು ಎಂಬುದೆಲ್ಲ ನಿನ್ನ ನವೆಂಬರಿನ ಕಾಗದದಿಂದ ಮೊದಲು ತಿಳಿದದ್ದು. ನಾನು ನಿನ್ನ ಊಟ ಕೇಳಿದ್ದು ನೀನು ಊಟ ಬಿಡುತ್ತೀ ಎಂದು. ಅದರ ಹಿಂದೆ ಬೇರೆ ಏನೂ ಇರಲಿಲ್ಲ.

ಅದನ್ನು ಓದಿದ ಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ? ಕ್ರಿಸ್‌ಮಸ್ ಕಳೆಯುವ ತನಕ ಸಿಟ್ಟಿನಲ್ಲೇ ಇದ್ದೆ. ಒಂದು ದಾರಿ ಇತ್ತಲ್ಲ, ಹೋಗಿ ನೋಡಬಹುದಿತ್ತಲ್ಲ ಎಂದು. ಕಾಗದ ಬರೆಯಲಿಕ್ಕೆ ಕೂತರೆ ಕೆಟ್ಟ ಮಾತುಗಳೇ ಬರುತ್ತಿದ್ದವು. ಹರಿದು ಹಾಕಿದೆ. ಅಮಿತನ ಹತ್ತಿರ ಕೇಳಲಿಕ್ಕೂ ಧೈರ್ಯ ಸಾಲಲಿಲ್ಲ.

ಹೋದ ಶನಿವಾರ ಬೆಳಿಗ್ಗೆ ಕೇಳಿಯೇ ಬಿಟ್ಟೆ. ನೀರುದೋಸೆ ಹೊಯ್ಯುತ್ತಿದ್ದೆ, ಅವನು ಕಾಫಿ ಹಿಡಿದುಕೊಂಡು ಕೂತಿದ್ದ. ನಾವು ಮಾತಾಡಿದ್ದು ತುಳುವಿನಲ್ಲಿ. ನಿನಗೆ ಕನ್ನಡದಲ್ಲಿ ಬರೆಯುತ್ತೇನೆ, ಒಂದು ಮಾತೂ ಬದಲಿಸುವುದಿಲ್ಲ.

"ಡಾಕ್ಟರು ಇನ್ನೊಂದು ದಾರಿ ಹೇಳಿದ್ದರಂತೆ, ಹೌದಾ?" ಎಂದೆ.

ಅವನು ಲೋಟ ಕೆಳಗಿಟ್ಟ. "ಯಾರು ಹೇಳಿದ್ದು?"

"ವಿಭಾ ಬರೆದಿದ್ದಾಳೆ. ನೀನು ಒಪ್ಪದಿದ್ದರೂ ತಾನೇ ಸಹಿ ಹಾಕಿದೆ ಎಂದು."

"ಹಾಗಂತ ಬರೆದಳಾ?"

"ಹೂಂ."

ಕಾವಲಿಯಲ್ಲಿದ್ದ ದೋಸೆ ಕರಟಿತು, ನಾನು ಒಲೆ ಆರಿಸಿದೆ. "ನಾನು ಒಪ್ಪಲಿಲ್ಲ ಅಂತ ಅಲ್ಲ ಅಮ್ಮ," ಎಂದ. "ಬೇಡ ಅಂತ ನಾನು ಹೇಳಲಿಲ್ಲ. ಬೇಕು ಅಂತಲೂ ಹೇಳಲಿಲ್ಲ. ಆ ಡಾಕ್ಟರ ಮುಖ ನೋಡಿದರೇ ಗೊತ್ತಾಗ್ತಿತ್ತು ಅದರಿಂದ ಏನೂ ಆಗುವುದಿಲ್ಲ ಅಂತ. ಆದರೆ ಬಾಯಿ ಬಿಟ್ಟು ಹೇಳುವುದು ಯಾರು? ಕಾರಿನ ಕೀ ಬಿಟ್ಟುಬಂದೆ ಅಂತ ಹೇಳಿ ಎದ್ದು ಹೋದೆ. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತೆ. ವಾಪಸ್ ಬರುವಾಗ ಅವಳು ಪೆನ್ನಿನ ಮುಚ್ಚಳ ಹಾಕುತ್ತಿದ್ದಳು."

"ಮತ್ತೆ ಅವಳ ಹತ್ತಿರ ಮಾತು ಯಾಕೆ ಬಿಟ್ಟೆ?"

"ಅವಳ ಮುಖ ನೋಡಿದಾಗೆಲ್ಲ ನಾನು ಕಾರಿನಲ್ಲಿ ಕೂತದ್ದು ಕಾಣ್ತದೆ."

ಆಮೇಲೆ ನನ್ನನ್ನು ಮಹಡಿಗೆ ಕರೆದುಕೊಂಡು ಹೋದ. ಅವನ ಕಪಾಟಿನಲ್ಲಿ, ಚಳಿಯ ಜಾಕೆಟ್ಟುಗಳ ಹಿಂದೆ, ಒಂದು ಸಣ್ಣ ಪೆಟ್ಟಿಗೆ. ವಿಭಾ, ಅವನು ಸಮುದ್ರಕ್ಕೆ ಬಿಟ್ಟೇ ಇಲ್ಲ. ಕರಾವಳಿಯ ತನಕ ಡ್ರೈವ್ ಮಾಡಿಕೊಂಡು ಹೋಗಿ, ನೀರನ್ನು ನೋಡಿ, ತಿರುಗಿ ಬಂದಿದ್ದ. ನಮ್ಮಿಬ್ಬರಿಗೂ ಆಯಿತು ಎಂದು ಹೇಳಿದ್ದ. ಇಷ್ಟು ತಿಂಗಳು ಮಗು ಈ ಮನೆಯಲ್ಲೇ ಇತ್ತು. ನಾನು ದಿನಾ ಆ ಕಪಾಟಿನ ಎದುರೇ ಬಟ್ಟೆ ಮಡಚುತ್ತಿದ್ದೆ.

ನಾನೂ ನಿನಗೆ ಒಂದು ವಿಷಯ ಹೇಳಿರಲಿಲ್ಲ. ಬಿಳಿ ಬಣ್ಣ ಹೊಡೆಸಿದ್ದು ಮನೆ ಮಾರಲಿಕ್ಕೆ. ಏಜೆಂಟರು ಬಂದು ನೋಡಿ ಹೋಗಿದ್ದಾರೆ. ಬರಲಿಕ್ಕೆ ಮನೆಯೇ ಇಲ್ಲ ಎಂದು ಗೊತ್ತಾದರೆ ನೀನು ಬರುವುದೇ ಇಲ್ಲ ಎಂದು ಹೆದರಿ ಹೇಳಲಿಲ್ಲ. ಶ್ರೇಯಾಳ ಕೋಣೆ ಇನ್ನೂ ಹಳದಿಯೇ ಉಂಟು. ಬಣ್ಣದವರು ಆ ಬಾಗಿಲಿಗೆ ಬಂದಾಗ ಅಮಿತ್ ಅಡ್ಡ ನಿಂತು "ನಾಟ್ ದಿಸ್ ಒನ್" ಎಂದ. ನೀನು ಅಂದುಕೊಂಡ ಹಾಗೆ ಅವನು ಮುಂದೆ ಎಲ್ಲಿಗೂ ಹೋಗಿಲ್ಲ.

ನೀನು ಮಾಡಿದ್ದು ಸರಿಯಾ ತಪ್ಪಾ ನನಗೆ ಗೊತ್ತಿಲ್ಲ. ಸರಿ ಎಂದು ಬರೆದು ನಿನ್ನನ್ನು ಸಮಾಧಾನ ಮಾಡಲಿಕ್ಕೆ ನಾನು ದೇವರಲ್ಲ. ಆದರೆ ಕಡೆಯ ದಿನಗಳಲ್ಲಿ ಅವಳಿಗೆ ಸ್ನಾನ ಮಾಡಿಸಿದ್ದು ನಾನು. ಟವೆಲು ತಾಗಿದರೂ ನೋಯುತ್ತಿತ್ತು. ಸೂಜಿ ಚುಚ್ಚಲಿಕ್ಕೆ ಜಾಗ ಇರಲಿಲ್ಲ ಆ ಕೈಯಲ್ಲಿ. ಅದನ್ನು ನೆನೆದ ದಿನ ನನ್ನ ಸಿಟ್ಟು ಇಳಿಯಿತು. ಅಂಥ ಕೆಲಸ ನೀನು ಒಬ್ಬಳೇ ಮಾಡಬಾರದಿತ್ತು. ಒಬ್ಬಳೇ ಮಾಡುವ ಹಾಗೆ ನಿನ್ನನ್ನು ಬಿಡಬಾರದಿತ್ತು. ಇದನ್ನು ಅಮಿತನಿಗೂ ಹೇಳಿದ್ದೇನೆ. ಅವನು ಅತ್ತ. ನಾನು ತಡೆಯಲಿಲ್ಲ.

ಬಾವಲಿಯ ಬಟ್ಟೆ ಒಳಗೆ ತಂದಿದ್ದೇನೆ. ಮಿಸೆಸ್ ಫಾಂಗ್ ಮನೆಗೆ ಹೋಗಿ ಬಾಗಿಲು ತಟ್ಟಿದೆ. ಅಷ್ಟು ವಾರ ತಪ್ಪಿಸಿಕೊಂಡು ಓಡಾಡಿದ್ದಕ್ಕೆ ಎಂತ ಸನ್ನೆ ಮಾಡುವುದು? ಗೊತ್ತಾಗದೆ ನಿಂತೆ. ಅವಳು ಕೈ ಹಿಡಿದು ಒಳಗೆ ಕರೆದು ಬಿಸಿನೀರು ಕೊಟ್ಟಳು. ಹಾಲಿಲ್ಲ, ಸಕ್ಕರೆ ಇಲ್ಲ, ಬರೀ ಬಿಸಿನೀರು. ಕುಡಿದೆ.

ಇನ್ನೊಂದು ವರ್ಷ ಅಲ್ಲಿ ಇರುವುದಾದರೆ ಇರು. ಆದರೆ ಒಮ್ಮೆ ಬಾ. ಆ ಪೆಟ್ಟಿಗೆಯನ್ನು ಇಬ್ಬರೂ ಸೇರಿ ತೆಗೆದುಕೊಂಡು ಹೋಗಿ. ಭಟ್ಟರಿಗೆ ಮಂತ್ರ ಇಲ್ಲದಿದ್ದರೆ ಬೇಡ.

ಅತ್ತೆ


ಬೀಜಿಂಗ್
12 ಫೆಬ್ರವರಿ 2025

ಅತ್ತೆ,

ಇವತ್ತು ಕಾಗದ ಬಂತು. ಕೆಲಸದ ಜಾಗದಲ್ಲೇ ಓದಿದೆ. ಶು ಬಂದು ಏನಾಯ್ತು ಅಂತ ಕೇಳಿದಳು. ನನಗೆ ಒಬ್ಬ ಮಗಳಿದ್ದಳು ಅಂತ ಹೇಳಿದೆ. ಅವಳು ನನ್ನ ಏಣಿಯ ಕೆಳಗೆ ಕೂತುಕೊಂಡಳು, ಸಂಜೆವರೆಗೂ.

ಅಮಿತ್ ಹಾಗೆ ಕಾರಿನಲ್ಲಿ ಕೂತಿದ್ದ ಅಂತ ನನಗೆ ಗೊತ್ತಿರಲಿಲ್ಲ. ಅವನು ನನ್ನ ಮೇಲೆ ಸಿಟ್ಟಾಗಿ ಎದ್ದು ಹೋದ ಅಂತಲೇ ಈ ಒಂದು ವರ್ಷ ಬದುಕಿದೆ.

ಮಾರ್ಚ್ ಕೊನೆಗೆ ರಜೆ ಕೊಡ್ತಾರೆ. ಟಿಕೆಟ್ ತಗೊಂಡಿದ್ದೀನಿ. ಮನೆ ಮಾರೋದನ್ನ ನಿಲ್ಲಿಸಿ ಅಂತ ನಾನು ಹೇಳಲ್ಲ. ಆ ಕೋಣೆಯ ಸಾಮಾನು ಮಾತ್ರ ನಾನು ಬರೋವರೆಗೆ ಹಾಗೇ ಇರಲಿ. ಅವಳ ಬಟ್ಟೆ ನೀವು ಒಬ್ಬರೇ ಕಟ್ಟಬೇಡಿ.

ವಿಭಾ


ಬೀಜಿಂಗ್
20 ಏಪ್ರಿಲ್ 2025

ಪ್ರೀತಿಯ ಅತ್ತೆ,

ಸುಖವಾಗಿ ತಲುಪಿದ್ದೀನಿ. ನೀವು ಕಟ್ಟಿಕೊಟ್ಟ ಚಟ್ನಿಪುಡಿಯನ್ನ ಇಲ್ಲಿನ ಏರ್‌ಪೋರ್ಟಲ್ಲಿ ಬಿಡಿಸಿ ಮೂಸಿ ನೋಡಿ ವಾಪಸ್ ಕೊಟ್ಟರು. ಶುಗೆ ಅದನ್ನ ಅನ್ನದ ಜೊತೆ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಸಲ ಹಾಕಿಸಿಕೊಂಡಳು.

ಬಂದ ದಿನದಿಂದ ಈ ಕಾಗದ ಬರೀಬೇಕು ಅಂತಿದ್ದೆ. ಅಸ್ಥಿ ಬಿಡೋಕೆ ಹೋದ ದೋಣಿಯಲ್ಲಿ ನಡೆದದ್ದನ್ನ ನೀವು ನೋಡಲಿಲ್ಲ. ಬರ್ಕ್ಲಿಯಿಂದ ಹೊರಟು ಗೋಲ್ಡನ್ ಗೇಟ್ ಸೇತುವೆ ದಾಟ್ತಿದ್ದ ಹಾಗೆ ಅಲೆ ಜೋರಾಯ್ತು. ನೀವು ಒಳಗೆ ಬಕೆಟ್ ಹಿಡಿದುಕೊಂಡು ಕಣ್ಮುಚ್ಚಿ ಮಲಗಿದಿರಿ. ಆಮೇಲೆ ನೀವು ಏನೂ ಕೇಳಲಿಲ್ಲ, ನಾವಿಬ್ಬರೂ ಹೇಳಲಿಲ್ಲ. ಕೋಣೆ ಖಾಲಿ ಮಾಡೋದರಲ್ಲೇ ಉಳಿದ ದಿನ ಮುಗಿದುಹೋಯ್ತು. ದೋಣಿಯಲ್ಲಿ ಏನಾಯ್ತು ಅಂತ ನಿಮಗೆ ಗೊತ್ತಾಗಬೇಕು.

ದೋಣಿಯವನು ಎಂಜಿನ್ ನಿಲ್ಲಿಸಿ "ಟೇಕ್ ಯುವರ್ ಟೈಮ್" ಅಂತ ಹೇಳಿ ಮುಂದಕ್ಕೆ ಹೋದ. ಅಮಿತ್ ಪೆಟ್ಟಿಗೆಯನ್ನ ಎದೆಗೆ ಒತ್ತಿ ಹಿಡಿದುಕೊಂಡು ಕೂತಿದ್ದ. ನಾನು ಪಕ್ಕದಲ್ಲಿ. ಬಂದಾಗಿನಿಂದ ನಾವಿಬ್ಬರೂ ಸಾಮಾನಿನ ಬಗ್ಗೆ ಬಿಟ್ಟು ಬೇರೆ ಮಾತಾಡಿರಲಿಲ್ಲ. ಸುತ್ತ ಮಂಜು, ಸೇತುವೆಯೂ ಕಾಣ್ತಿರಲಿಲ್ಲ. ಅವನು ಇದ್ದಕ್ಕಿದ್ದ ಹಾಗೆ, "ಅಲ್ಲಿ ನೀನು ನೋಡಿದ್ದು ಏನಾದ್ರೂ ಹೇಳು" ಅಂದ.

"ಈಗಲಾ?"

"ಈಗಲೇ. ಏನಾದ್ರೂ ಸರಿ."

ನನಗೆ ಆ ಕ್ಷಣಕ್ಕೆ ಹೊಳೆದದ್ದು ಚಾವಣಿಯ ತುದಿಯ ಪ್ರಾಣಿ. ದೊಡ್ಡ ಸಭಾಂಗಣಗಳ ನೆತ್ತಿಯ ಎರಡೂ ಕೊನೆಯಲ್ಲಿ ನಮ್ಮ ಮಕರದ ಥರ ಒಂದೊಂದು ಪ್ರಾಣಿ ಬಾಯಿ ತೆರೆದು ಚಾವಣಿಯನ್ನ ಕಚ್ಚಿಕೊಂಡಿರುತ್ತೆ. ಮಳೆ ತರೋದು, ಬೆಂಕಿ ಬರದ ಹಾಗೆ ಕಾಯೋದು ಅದರ ಕೆಲಸ. ಅದು ಬಿಟ್ಟು ಹಾರಿಹೋದರೆ ಮನೆಗೆ ಕಾವಲು ಇರೋದಿಲ್ಲ ಅಂತ ಬೆನ್ನಿಗೆ ಕತ್ತಿ ಚುಚ್ಚಿ ಅಲ್ಲೇ ನಿಲ್ಲಿಸಿದ್ದಾರೆ. ಕತ್ತಿಯ ಹಿಡಿ ಮಾತ್ರ ಹೊರಗೆ ಕಾಣುತ್ತೆ. ಇದನ್ನ ಹೇಳಿದೆ.

ಅಮಿತ್ ಕೇಳ್ತಾ ಇದ್ದವನು, "ನೋವಾಗಲ್ವಾ ಅದಕ್ಕೆ?" ಅಂದ.

ಅತ್ತೆ, ಅದು ಶ್ರೇಯಾ ಕೇಳೋ ಪ್ರಶ್ನೆ. ಇಬ್ಬರಿಗೂ ಒಟ್ಟಿಗೇ ಗೊತ್ತಾಯ್ತು. ಅವನು ನನ್ನ ಮುಖ ನೋಡಿದ. ಆಸ್ಪತ್ರೆಯ ದಿನದಿಂದ ಅವನು ನನ್ನ ಮುಖ ನೇರ ನೋಡಿದ್ದು ಅದೇ ಮೊದಲು. "ಆವತ್ತು ನಾನು ಒಳಗೇ ಇರಬೇಕಿತ್ತು ವಿಭಾ" ಅಂದ. ಪರವಾಗಿಲ್ಲ ಅಂತ ನಾನು ಹೇಳಲಿಲ್ಲ. ಪರವಾಗಿಲ್ಲ ಅನ್ನೋ ಅಂಥದ್ದಲ್ಲ ಅದು. "ಹೌದು, ಇರಬೇಕಿತ್ತು" ಅಂದೆ. ಅವನು ತಲೆ ಆಡಿಸಿದ.

ಆಮೇಲೆ ಪೆಟ್ಟಿಗೆ ನನ್ನ ಕಡೆ ಚಾಚಿದ. "ನೀನು ಬಿಡು. ನನಗೆ ಆಗಲ್ಲ."

"ನಾನೊಬ್ಬಳೇ ಬಿಡಲ್ಲ" ಅಂದೆ.

ಮುಚ್ಚಳ ಅವನು ತೆಗೆದ. ಒಂದು ಬದಿ ಅವನು, ಒಂದು ಬದಿ ನಾನು ಹಿಡಿದುಕೊಂಡು ಬಗ್ಗಿದೆವು. ಸ್ವಲ್ಪ ಗಾಳಿಗೆ ಹಾರಿ ಅವನ ತೋಳಿನ ಮೇಲೆ ಬಿತ್ತು, ಅವನು ಒರೆಸಿಕೊಳ್ಳಲಿಲ್ಲ. ಉಳಿದದ್ದು ನೀರಿನ ಮೇಲೆ ಬೂದಿಬಣ್ಣದ ಗೆರೆಯಾಗಿ ಒಂದಷ್ಟು ಹೊತ್ತು ಕಾಣ್ತಾ ಇತ್ತು. ನೀವು ಕೊಟ್ಟ ಸೇವಂತಿಗೆ ಎಸಳನ್ನೂ ಹಾಕಿದೆವು. ಮಂತ್ರ ಇರಲಿಲ್ಲ. ಅಮಿತ್ ಅವಳನ್ನ ಮಲಗಿಸುವಾಗ ಹೇಳ್ತಿದ್ದ ಹಾಗೆ "ಗುಡ್ ನೈಟ್ ಪುಟ್ಟಿ" ಅಂದ. ಅಷ್ಟೇ ಆದದ್ದು.

ಹೊರಡೋ ದಿನ ನನ್ನನ್ನ ಏರ್‌ಪೋರ್ಟಿಗೆ ಬಿಡೋಕೆ ಬಂದನಲ್ಲ, ದಾರಿಯುದ್ದಕ್ಕೂ ನನ್ನ ಎರಡನೇ ವರ್ಷದ ಬಗ್ಗೆ ಏನೂ ಹೇಳಲಿಲ್ಲ, ನಾವು ಮುಂದೆ ಏನು ಅಂತಲೂ ಮಾತಾಡಲಿಲ್ಲ. ಅದು ನನಗೂ ಗೊತ್ತಿಲ್ಲ ಅತ್ತೆ, ನಿಮಗೆ ಸುಳ್ಳು ಆಸೆ ಕೊಡಲ್ಲ. ಸೂಟ್‌ಕೇಸ್ ಇಳಿಸಿಕೊಟ್ಟು, ಹಿಂದಿನ ಕಾರಿನವನು ಹಾರ್ನ್ ಮಾಡ್ತಿದ್ದರೂ ಅಲ್ಲೇ ನಿಂತಿದ್ದ.

"ಅಗಸ್ಟಲ್ಲಿ ಒಂದು ವಾರ ರಜೆ ಸಿಗಬಹುದು. ನಾನು ಬಂದು ನೋಡಬಹುದಾ, ನಿನ್ನ ಅರಮನೆ?" ಅಂದ.

"ಅಗಸ್ಟಲ್ಲಿ ಸೆಖೆ ಜಾಸ್ತಿ" ಅಂದೆ.

"ಪರವಾಗಿಲ್ಲ" ಅಂದ.

"ಹಾಗಾದ್ರೆ ಬಾ" ಅಂದೆ.

ವಿಭಾ